ತಾಳ್ಯದ ಬೋರಪ್ಪನ ಒಂದೇ ಫೋಟೋ

ಕ್ಯಾಮೆರಾದೊಳಗೆ ರೀಲೇ ಇರಲಿಲ್ಲ. ಇಷ್ಟನ್ನು ಹೇಳಿಬಿಟ್ಟಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ಹಾಲಸ್ವಾಮಿ ಹೇಳಲಿಲ್ಲ. ಗಾಜಿನ ಕೌಂಟರಿನ ಆಚೆ ನಿಂತಿದ್ದ ಮುದುಕಿಗೆ, "ತೊಳೆಯಾಕೆ ಚಿತ್ರದುರ್ಗಕ್ಕೆ ಕಳ್ಸೀನಿ ಅಜ್ಜಿ, ಇನ್ನೂ ಬಂದಿಲ್ಲ" ಎಂದ.

"ಬೇಗ ತರಿಸಪ್ಪ. ತಡ ಆದಂಗೆಲ್ಲ ಕಷ್ಟ ಐತೆ," ಎಂದಳು ಕೆಂಚಕ್ಕ. ಗಾಜಿನ ಮೇಲೆ ಕೈಯೂರಿದಾಗ ಅವಳ ಬಳೆಗಳು ಸದ್ದು ಮಾಡಿದವು. ಹಾಲಸ್ವಾಮಿ ಕೈಯಲ್ಲಿದ್ದ ವಾಚಿನಿಂದ ಕಣ್ಣೆತ್ತಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನ ಎದುರು ಅವನದು ವಾಚು ರಿಪೇರಿ ಅಂಗಡಿ. ಅದು ಹೊಟ್ಟೆಪಾಡು, ಪ್ರಾಣ ಮಾತ್ರ ಕ್ಯಾಮೆರಾಗಳಲ್ಲಿ. ಸ್ಟುಡಿಯೋದ ದೊಡ್ಡ ಯಂತ್ರಗಳಲ್ಲ. ಕಣ್ಣಿಗಿಟ್ಟು ಗುಂಡಿ ಒತ್ತಿದರೆ ಮುಗಿಯಿತು ಎನ್ನುವಂಥ, ಅಂಗೈಯಗಲದ, ಯಾರೋ ಬಳಸಿ ಬೇಸತ್ತು ಮಾರಿದ ಅಗ್ಗದ ಕ್ಯಾಮೆರಾಗಳು. ನಾಲ್ಕಿದ್ದವು. ಒಂದರ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಬೇಕಿತ್ತು. ಇನ್ನೊಂದರ ಫ್ಲ್ಯಾಶ್ ಮನಸ್ಸು ಬಂದರೆ ಮಾತ್ರ ಹೊತ್ತುತ್ತಿತ್ತು. ಫ್ಲ್ಯಾಶ್ ತುಂಬಿಕೊಳ್ಳುವಾಗಿನ ಸಣ್ಣ ಕುಂಯ್ ಸದ್ದು, ಗುಂಡಿಯ ಟಕ್ಕು, ಒಳಗೆ ರೀಲು ತಾನೇ ಸುತ್ತಿಕೊಳ್ಳುವ ಗರಗರ, ಇಷ್ಟು ಸಿಕ್ಕರೆ ಅವನಿಗೆ ಊಟ ಬೇಡ. ಆದರೆ ರೀಲು ದುಬಾರಿ. ಹಾಗಾಗಿ ಎಷ್ಟೋ ಸಲ ಖಾಲಿ ಕ್ಯಾಮೆರಾವನ್ನೇ ಒತ್ತಿ ಸುಖಪಡುತ್ತಿದ್ದ.

ತೊಂಬತ್ತೇಳರ ಬೇಸಿಗೆಯಲ್ಲಿ ತಾಳ್ಯದ ಮದುವೆಯೊಂದಕ್ಕೆ ಹೋದಾಗಲೂ ಆದದ್ದು ಅದೇ. ಮೂವತ್ತಾರು ಚಿತ್ರವೂ ಧಾರೆಗೇ ಮುಗಿದವು. ರೀಲು ಬಿಚ್ಚಿ ಜೇಬಿಗಿಳಿಸಿದ. ಜನ ಬಿಡಬೇಕಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ತನ್ನದೂ ಒಂದಿರಲಿ ಎಂದು ಬರೀ ಫ್ಲ್ಯಾಶ್ ಹೊಡೆಯುತ್ತ ಹೋದ. ಎಲ್ಲರಿಗೂ ಖುಷಿ.

ಆಗಲೇ ಕೆಂಚಕ್ಕ ತನ್ನ ಗಂಡ ಬೋರಪ್ಪನನ್ನು ಕೈಹಿಡಿದು ತಂದು ನಿಲ್ಲಿಸಿದ್ದು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆಂದು ಓಟಿನ ಕಾರ್ಡಿಗೂ ಮುಖ ಕೊಡದೆ ಕುರಿ ಹೊಡೆದುಕೊಂಡು ಹೋಗಿಬಿಟ್ಟಿದ್ದ ಮುದುಕ ಅವನು. "ಇದೂ ಒಂದು ಕ್ಯಾಮ್ರಾ ಏನ್ಲೇ? ಸೋಪಿನ ಡಬ್ಬಿ ಇದ್ದಂಗೈತೆ," ಎಂದು ನಕ್ಕು, ಪೇಟ ಸರಿಮಾಡಿಕೊಂಡು ನಿಂತ. ಹಾಲಸ್ವಾಮಿ ಗುಂಡಿ ಒತ್ತಿದ. ಅದಾಗಿ ಇನ್ನೂ ತಿಂಗಳು ಕಳೆದಿರಲಿಲ್ಲ.

"ನಮ್ಮ ಯಜಮಾನ್ರದು ಬ್ಯಾರೆ ಫೋಟಾನೇ ಇಲ್ಲ ಕಣಪ್ಪ. ನೀನು ತೆಗ್ದಿದ್ದು ಒಂದೇ," ಎಂದಳು ಕೆಂಚಕ್ಕ ಮೂರನೇ ಸಲ ಬಂದಾಗ. ಮಕ್ಕಳಿಲ್ಲದವಳು. ಎರಡೂ ಕಣ್ಣಿಗೆ ಪೊರೆ. ಯಾವ ಬಸ್ಸೆಂದು ಅವರಿವರನ್ನು ಕೇಳಿ, ತಡವಿ ತಡವಿ ಹತ್ತಿ ಬರುತ್ತಿದ್ದಳು. ಹನ್ನೊಂದನೇ ದಿನದ ಕಾರ್ಯಕ್ಕೆ ಬೇಕಾಗಿರಬೇಕು ಎಂದುಕೊಂಡ ಹಾಲಸ್ವಾಮಿ. ಏನಾಯಿತು, ಯಾವಾಗ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅಳುತ್ತಾಳೆ. ಅತ್ತರೆ ತಾನು ನಿಜ ಹೇಳಬೇಕಾಗುತ್ತದೆ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಂದು ಸಂಜೆ ನೆಗೆಟಿವ್‌ಗಳ ಡಬ್ಬ ತೆರೆದ. ಹಿರೇಗುಂಟನೂರಿನ ಒಬ್ಬ ಮುದುಕನ ಚಿತ್ರವಿತ್ತು. ಅದೇ ವಯಸ್ಸು, ಅಂಥದೇ ಪೇಟ, ಅಂಥದೇ ಕಂಬಳಿ. ಹಾಲಸ್ವಾಮಿ ತೆಗೆದ ಚಿತ್ರಗಳಲ್ಲಿ ಅಷ್ಟು ಸ್ಪಷ್ಟವಾಗಿ ಬಂದದ್ದು ಇನ್ನೊಂದಿರಲಿಲ್ಲ. ಹಣೆಯ ಗೆರೆ ಎಣಿಸಬಹುದಿತ್ತು. ಗೋಡೆಗೆ ಹಾಕಿ, ಹೂವಿಟ್ಟು ಕೈಮುಗಿಯುತ್ತಾಳೆ. ಕಾಣದ ಕಣ್ಣಿಗೆ ಯಾವ ಮುಖವಾದರೇನು? ಯಾರಿಗೂ ನಷ್ಟವಿಲ್ಲ. ಹೀಗೆಂದು ತನಗೆ ತಾನೇ ಹೇಳಿಕೊಂಡು ಪ್ರಿಂಟಿಗೆ ಕಳಿಸಿದ.

"ಅವರೇ ತಾನೇನಪ್ಪ?" ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೆಂಚಕ್ಕ ಕೇಳಿದಳು.

"ಅವರೇ ಅಜ್ಜಿ. ಕಟ್ಟು ಹಾಕಿಸಿ ಕೊಡ್ಲಾ?"

"ಕಟ್ಟು ಬ್ಯಾಡ. ಇಂಥವೇ ಇನ್ನೊಂದು ನಾಕು ಮಾಡ್ಸಿಕೊಡು."

ನೆಂಟರ ಮನೆಗಳಿಗಿರಬೇಕು. ನಾಲ್ಕನ್ನೂ ಮಾಡಿಸಿ ಕೊಟ್ಟ, ಕಾಸು ಮುಟ್ಟಲಿಲ್ಲ. ಕೆಂಚಕ್ಕ ತಡವಿ ಅವನ ತಲೆ ಸವರಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದಳು. ಅಂದು ಅವನಿಗೆ ಅನ್ನ ಇಳಿಯಲಿಲ್ಲ. ಮಾರನೆಯ ದಿನ ಇಳಿಯಿತು. ಮನುಷ್ಯ ಹೀಗೇ.

ಹದಿನೈದು ದಿನ ಕಳೆದವು. ಹಿರಿಯೂರು ಬಸ್ಸಿನ ಕಂಡಕ್ಟರ್ ಕರಿಯಣ್ಣ ವಾಚಿಗೆ ಬೆಲ್ಟು ಹಾಕಿಸಲು ಬಂದ. ಚಿಲ್ಲರೆಗೆಂದು ಚೀಲ ತಡಕಿದಾಗ ಒಂದು ಫೋಟೋ ಕೌಂಟರಿನ ಮೇಲೆ ಬಿತ್ತು. ಹಿರೇಗುಂಟನೂರಿನ ಮುದುಕ. ಹಾಲಸ್ವಾಮಿಯ ಕೈ ನಿಂತಿತು.

"ಇದು ನಿನ್ ಹತ್ರ ಹೆಂಗೆ ಬಂತು?"

"ತಾಳ್ಯದ ಕೆಂಚಕ್ಕ ಕೊಟ್ಟಿದ್ದು. ನಿನ್ನಂಗಡಿಯಿಂದ ನೆಟ್ಟಗೆ ಸ್ಟ್ಯಾಂಡಿಗೆ ಬಂದು, ಐದು ಜನ ಕಂಡಕ್ಟರಿಗೆ ಒಂದೊಂದು ಹಂಚಿ ಹೋದ್ಲು. ಗಂಡಂಗೆ ಅರಳು ಮರಳು. ಯಾವುದೋ ಬಸ್ ಹತ್ತಿ ಹೊಂಟೋಗೈತಂತೆ ಮುದುಕ. ಎಲ್ಲಾನ ಕಂಡ್ರೆ ಕರ್ಕಂಬರ್ರಪ್ಪ ಅಂತ ಕೈ ಮುಗುದ್ಲು."

ಹಾಲಸ್ವಾಮಿ ವಾಚನ್ನು ಕೆಳಗಿಟ್ಟ. ಬೋರಪ್ಪ ಬದುಕಿದ್ದಾನೆ. ಹೇಳಿಬಿಡಬೇಕು, ಈಗಲಾದರೂ ಹೇಳಿಬಿಡಬೇಕು ಎಂದು ಬಾಯಿ ತೆರೆದ. ಬಂದದ್ದು ಒಂದೇ ಮಾತು. "ಸಿಕ್ನಾ?"

"ಎಲ್ಲಿ ಸಿಗ್ತಾನೆ. ಮೊನ್ನೆ ಹಿರಿಯೂರು ಸ್ಟ್ಯಾಂಡಿನಾಗೆ ದಿಕ್ಕಿಲ್ಲದ ಮುದುಕ ಒಬ್ಬ ಸತ್ತ, ಪಾಪ. ಯಾರೋ ಪುಣ್ಯಾತ್ಮರು ಮಣ್ಣು ಮಾಡಿದ್ರು. ಹಿಂದಿನ ದಿನ ಅವ್ನು ನನ್ ಕೈ ಹಿಡ್ಕಂಡು, 'ಮನಿಗೆ ಹೋಗಾಣ, ನಮ್ಮೋಳಿಗೆ ಕಣ್ಣು ಕಾಣಲ್ಲ' ಅಂತ ಒಂದೇ ಸಮ ಅಳ್ತಿದ್ದ. ಕೆಂಚಕ್ಕನ ಗಂಡನೇ ಅನ್ಕಂಡು ಬಸ್ಸಿಗೂ ಹತ್ತಿಸ್ಕಂಡಿದ್ದೆ."

ಕರಿಯಣ್ಣ ಫೋಟೋವನ್ನು ಜೋಪಾನವಾಗಿ ಚೀಲಕ್ಕೆ ಸೇರಿಸಿದ.

"ಸದ್ಯ, ನಿನ್ ಫೋಟೋ ಇತ್ತು. ಮುಖದ ಪಕ್ಕ ಇಟ್ಟು ನೋಡ್ದೆ, ಇವ್ನಲ್ಲ ಅಂತ ಗೊತ್ತಾತು, ಇಳಿಸ್ಬಿಟ್ಟೆ."