ಆರುನೂರರ ಲೆನ್ಸ್

“ಅದನ್ನ ಕೆಳಗಿಡು,” ಎಂದ ರಾಜಕುಮಾರ್.

ಆಶಾರಾಣಿ ಇಡಲಿಲ್ಲ. ಮೊಳದುದ್ದದ ಲೆನ್ಸನ್ನು ಎರಡೂ ಕೈಯಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದಳು. “ಮೊದ್ಲು ಬಂದಾಕಿ ನಾನು ಸಾರ್. ಆರಿಸಾಕಿನೂ ನಾನೇ.”

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕ್ಯಾಮೆರಾ ಸಾಮಾನು ಬಾಡಿಗೆಗೆ ಕೊಡುವ ಖಾಜಾ ಹುಸೇನರ ಅಂಗಡಿ ಅದು. ರಾಜಕುಮಾರ್ ಕೆ.ಬಿ. ಬಡಾವಣೆಯ ಒಂದು ಮದುವೆ ಸ್ಟುಡಿಯೋದ ಮಾಲೀಕ. ಆಶಾರಾಣಿ ಅದೇ ಸ್ಟುಡಿಯೋದ ಎರಡನೇ ಕ್ಯಾಮೆರಾ. ಹಾಗೆಂದರೆ, ಮಂಟಪದ ಮೇಲೆ ಅವನು ತಾಳಿ, ಅಕ್ಷತೆಗಳ ಚಿತ್ರ ತೆಗೆಯುವಾಗ ಇವಳು ಕೆಳಗೆ ನಿಂತು ಹೆಂಗಸರ ಸಾಲು, ಊಟದ ಪಂಕ್ತಿ ತೆಗೆಯಬೇಕು. ಆರು ವರ್ಷ ಹೋಳಿಗೆ ತಿನ್ನುವವರ ಬಾಯಿಯನ್ನೇ ತೆಗೆದೂ ತೆಗೆದೂ ಅವಳಿಗೆ ರೋಸಿಹೋಗಿತ್ತು. ನಾನೂ ಮೇಲೆ ಬರಲೇ ಎಂದು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: “ಮಂಟಪದ ಮ್ಯಾಲೆ ಹೆಣ್ಮಕ್ಳು ಕ್ಯಾಮೆರಾ ಹಿಡ್ಕಂಡು ಓಡಾಡಿದ್ರೆ ಜನ ಏನಂತಾರೆ?” ಜನ ಏನೂ ಅಂದಿರಲಿಲ್ಲ. ಅನ್ನುತ್ತಿದ್ದವನು ಇವನೊಬ್ಬನೇ.

ಅವನದು ನಿಕಾನ್ ಕ್ಯಾಮೆರಾ. ಅವಳದು ಸ್ವಂತ ದುಡಿಮೆಯಲ್ಲಿ ಕೊಂಡ ಕ್ಯಾನನ್. ಒಂದರ ಲೆನ್ಸ್ ಇನ್ನೊಂದಕ್ಕೆ ಕೂರುವುದಿಲ್ಲವಾದ್ದರಿಂದ ತನ್ನ ಸಾಮಾನನ್ನು ಅವಳು ಕೇಳಲಾರಳು ಎಂಬುದೇ ಅವನಿಗೊಂದು ನೆಮ್ಮದಿ. ಅಷ್ಟು ದೊಡ್ಡ ಮನಸ್ಸು.

ಹೋದ ಭಾನುವಾರ ಊರಿನ ಛಾಯಾಗ್ರಾಹಕರ ಸಂಘದ ಸಭೆಯಲ್ಲಿ ಆಶಾರಾಣಿ ಎದ್ದು ನಿಂತಿದ್ದಳು. ಗುರುವಾರ ಬೆಳಿಗ್ಗೆ ಶ್ರೀಹರಿಕೋಟಾದಿಂದ ರಾಕೆಟ್ ಹಾರುತ್ತದೆ, ಅದರ ಚಿತ್ರ ತೆಗೆದು ತರುವ ಗಂಡಸು ನಮ್ಮ ಸಂಘದಲ್ಲಿ ಒಬ್ಬನೂ ಹುಟ್ಟಿಲ್ಲ, ನಾನು ತರುತ್ತೇನೆ ಎಂದಳು. ಗಂಡಸು ಎನ್ನುವಾಗ ನೇರವಾಗಿ ರಾಜಕುಮಾರನನ್ನೇ ನೋಡಿದಳು. ಸಾಲದ್ದಕ್ಕೆ, ಲೆನ್ಸ್ ಆರಿಸಲು ಇವತ್ತು ಸಂಜೆ ಖಾಜಾ ಸಾಹೇಬರ ಅಂಗಡಿಗೆ ಹೋಗುತ್ತಿದ್ದೇನೆಂದು ಸಂಘದ ವಾಟ್ಸಾಪ್ ಗುಂಪಿನಲ್ಲೂ ಹಾಕಿದ್ದಳು. ರಾಜಕುಮಾರ್ ಅಂಗಡಿಗೆ ಓಡಿ ಬಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅವನು ಕೌಂಟರಿನ ಗಾಜಿನ ಮೇಲಿದ್ದ ಗಿಡ್ಡ ಲೆನ್ಸೊಂದನ್ನು ಅವಳತ್ತ ತಳ್ಳಿದ. “ಇನ್ನೂರು ಎಂಎಂದು. ನಿಂಗೆ ಇಷ್ಟು ಸಾಕು.”

“ಸಾಕಾಗಲ್ಲ ಸಾಬ್,” ಎಂದರು ಖಾಜಾ ಹುಸೇನ್. “ಜನ ಕೂಡ್ರೋ ಗ್ಯಾಲರಿಗೂ ರಾಕೆಟ್ಟಿಗೂ ಐದಾರು ಕಿಲೋಮೀಟರ್ ದೂರ ಐತೆ. ಇದ್ರಾಗೆ ರಾಕೆಟ್ಟು ಬೆಂಕಿಕಡ್ಡಿ ಹಂಗೆ ಕಾಣ್ತೈತೆ.”

“ಹಂಗಾರೆ ಆ ಐನೂರರದು?”

“ಅದ್ರಾಗೆ ಜೂಮ್ ಇಲ್ಲ. ರಾಕೆಟ್ ಎಲ್ಲಿ ಹೋತು ಅಂತ ಹುಡುಕಾದ್ರಾಗೆ ಆಟ ಮುಗಿದಿರ್ತೈತೆ. ಬೇಟಿ ಕೈಯಾಗಿರೋದೇ ಸರಿ. ನೂರೈವತ್ತರಿಂದ ಆರುನೂರು. ಮೊದ್ಲು ಅಗಲ ಇಟ್ಟು ಹಿಡೀಬೇಕು, ಆಮ್ಯಾಲೆ ಹತ್ರಕ್ಕೆ ಎಳೀಬೇಕು.”

“ನಂಗಿದೇ ಬೇಕು,” ಎಂದಳು ಆಶಾರಾಣಿ.

ಖಾಜಾ ಹುಸೇನರ ಕಣ್ಣು ಅವಳ ಹೆಗಲ ಚೀಲದ ಮೇಲೆ ಬಿತ್ತು. “ಆದ್ರೆ ಬೇಟಿ, ನಿನ್ನ...”

“ನನ್ನ ತೋಳಿಗೆ ಭಾರ ಅಂತೀರೇನು? ಇರ್ಲಿ ಬಿಡ್ರಿ. ಭಾರ ಹೊತ್ತು ರೂಢಿ ಐತೆ ನಂಗೆ.”

ಅವರು ಅವಳ ಮುಖವನ್ನೊಮ್ಮೆ ನೋಡಿ, ಬಟ್ಟೆ ತೆಗೆದುಕೊಂಡು ಗಾಜು ಒರೆಸತೊಡಗಿದರು.

“ಗುರುವಾರ ಹರಿಹರದಾಗೆ ಮದುವಿ ಐತೆ, ಮರ್ತ್ಯಾ?” ರಾಜಕುಮಾರ್ ದನಿ ಏರಿಸಿದ.

“ಮದುವಿ ನೀವು ನೋಡ್ಕಳ್ರಿ, ರಾಕೆಟ್ ನಾನು ನೋಡ್ಕಂತೀನಿ. ನಿಮ್ಗೆ ಮದುವಿ ಬಿಟ್ಟು ಬ್ಯಾರೆ ಏನು ತೆಗೆಯಾಕ್ ಬರ್ತೈತೆ ಸಾರ್? ಇನ್ನು ಮ್ಯಾಲೆ ಕೆಳಗೆ ನಿಂತ್ಕಳಾಕಿ ಅಲ್ಲ ನಾನು.”

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ನಕ್ಕರು. ರಾಜಕುಮಾರನ ಕಿವಿ ಕೆಂಪಾಯಿತು. ಅವಳ ಕೈಯಿಂದ ಲೆನ್ಸ್ ಕಸಿದುಕೊಂಡು, ಕೊರಳಲ್ಲಿದ್ದ ತನ್ನ ಕ್ಯಾಮೆರಾಕ್ಕೆ ಕಟಕ್ಕನೆ ಕೂರಿಸಿ, ಬಾಗಿಲಾಚೆ ಗುರಿಯಿಟ್ಟು ಎಳೆದ. ರಸ್ತೆಯ ಆ ತುದಿಯ ದವಾಖಾನೆಯ ಬೋರ್ಡಿನಲ್ಲಿದ್ದ ಡಾಕ್ಟರರ ಪದವಿಗಳೆಲ್ಲ ಮೂಗಿನ ಹತ್ತಿರಕ್ಕೆ ಬಂದವು.

“ಶ್ರೀಹರಿಕೋಟಾಕ್ಕೆ ನಾನು ಹೋಗ್ತೀನಿ. ಹರಿಹರ ನೀನು ನೋಡ್ಕ.”

“ಇದು ಅನ್ಯಾಯ ಸಾರ್.”

“ಮಾಲೀಕ ಯಾರು?”

ಆಶಾರಾಣಿ ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದಳು. ಆ ರಾತ್ರಿಯೇ ರಾಜಕುಮಾರ್ ಗ್ಯಾಲರಿಯ ಪಾಸು ಪಡೆದು ಸಂಘದ ಗುಂಪಿನಲ್ಲಿ ಹಾಕಿಕೊಂಡ. ಹೆಬ್ಬೆರಳುಗಳ ಸುರಿಮಳೆಯಾಯಿತು.

ಗುರುವಾರ ಬೆಳಿಗ್ಗೆ ಹರಿಹರದ ಕಲ್ಯಾಣಮಂಟಪದಲ್ಲಿ ಮದುಮಗಳ ಸೋದರಮಾವ ಲಿಂಗಣ್ಣ ಕೇಳಿದ, “ರಾಜಕುಮಾರ್ ಎಲ್ಲವ್ವ? ಮ್ಯಾಲೆ ಫೋಟೋ ಹಿಡಿಯೋರು ಯಾರು?”

“ನಾನೇ,” ಎಂದಳು ಆಶಾರಾಣಿ.

ಲಿಂಗಣ್ಣ ತಲೆ ಕೆರೆದುಕೊಂಡ. ಅಷ್ಟರಲ್ಲಿ ಮಣೆಯ ಮೇಲಿಂದ ಮದುಮಗಳು ರಶ್ಮಿ ಕೂಗಿದಳು, “ಅಕ್ಕ, ಲಗೂನ ಹತ್ರಿ, ಮುಹೂರ್ತದ ಹೊತ್ತಾತು!”

ಆಶಾರಾಣಿ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು. ಮುದುಕಿಯೊಬ್ಬಳು ಸೆರಗು ಎಳೆದುಕೊಂಡು ಜಾಗ ಬಿಟ್ಟಳು. ವಾಲಗ ಜೋರಾಯಿತು. ಅಕ್ಷತೆ ಅವಳ ತಲೆಯ ಮೇಲೂ ಬಿತ್ತು. ತಾಳಿಯ ಗಂಟು, ರಶ್ಮಿಯ ಒದ್ದೆ ಕಣ್ಣು, ಎಲ್ಲವೂ ಗೇಣಳತೆಯಲ್ಲಿದ್ದವು. ಜನ ಏನೂ ಅನ್ನಲಿಲ್ಲ. ಆಶಾರಾಣಿಗೆ ಕುಣಿಯಬೇಕೆನ್ನುವಷ್ಟು ಖುಷಿಯಾಯಿತು.

ಅವಳು ಕೆಳಗಿಳಿಯುವಷ್ಟರಲ್ಲಿ ಫೋನು ಬಂತು.

“ಸಿಕ್ತು!” ರಾಜಕುಮಾರ್ ಗದ್ದಲದ ನಡುವೆ ಕಿರುಚುತ್ತಿದ್ದ. “ಬೆಂಕಿ, ಹೊಗೆ, ಎಲ್ಲಾ ಸಿಕ್ತು! ಹೊಟ್ಟಿ ಉರೀತೈತೇನು?”

“ಇಲ್ಲ ಸಾರ್. ನಂಗೂ ತಾಳಿ ಸಿಕ್ತು. ರಶ್ಮಿ ತಂಗಿ ಮದುವಿಗೂ ನಾನೇ ಮ್ಯಾಲೆ ಬರ್ಬೇಕಂತೆ, ಈಗ್ಲೇ ಹೇಳಿದ್ರು.”

“ಮ್ಯಾಲೆ? ನೀನಾ?”

“ಲೆನ್ಸ್ ಜ್ವಾಪಾನ ಸಾರ್,” ಎಂದಳು ಆಶಾರಾಣಿ. “ಒಳಗೆ ಧೂಳು ಹೋಗ್ತೈತೆ, ಬಿಚ್ಚಿ ಹಿಂದಿನ ಮುಚ್ಚಳ ಹಾಕ್ರಿ.”

ರಾಜಕುಮಾರ್ ಲೆನ್ಸ್ ಬಿಚ್ಚಿದ. ಮುಚ್ಚಳ ಹಾಕಲು ತಿರುಗಿಸಿದವನು ಅದರ ಹಿಂಬದಿಯ ಉಂಗುರವನ್ನೇ ನೋಡುತ್ತ ನಿಂತುಬಿಟ್ಟ.

ಆಶಾರಾಣಿ ಅಷ್ಟೆಲ್ಲ ಜಗಳವಾಡಿ ಆರಿಸಿದ್ದ ಆ ಲೆನ್ಸ್ ಕೂರುವುದು ನಿಕಾನ್ ಕ್ಯಾಮೆರಾಕ್ಕೆ ಮಾತ್ರ.