ಕೊಂಡಿಯ ಪಿನ್ನು

ಪಿನ್ನು ಅವಳ ಜಾಕೆಟ್ಟಿನ ಜೇಬಿನಲ್ಲಿತ್ತು. ಇರಬೇಕಾದದ್ದು ಹಿಂದೆ, ಟ್ರೇಲರಿನ ಕೊಂಡಿಯಲ್ಲಿ. ಬೆರಳುದ್ದದ ಕಬ್ಬಿಣ, ಅಷ್ಟೇ. ಅದಿದ್ದರೆ ಕೊಂಡಿಯ ಚಿಲಕ ಮೇಲೇಳುವುದಿಲ್ಲ. ಇಲ್ಲದಿದ್ದರೂ ಸಪಾಟು ರಸ್ತೆಯಲ್ಲಿ ಹೇಗೋ ನಡೆದೀತು. ಆದರೆ ಇಳಿಜಾರಿನಲ್ಲಿ ಮೂರು ಟನ್ನಿನ ಜನರೇಟರು ಹಿಂದಿನಿಂದ ನೂಕತೊಡಗಿದರೆ ಚಿಲಕ ಯಾವಾಗ ಬೇಕಾದರೂ ಬಿಚ್ಚಿಕೊಳ್ಳಬಹುದು. ಹೋದ ವರ್ಷ ಹಾಗೇ ಬಿಚ್ಚಿಕೊಂಡು ಅವಳ ಗಂಡ ತೀರಿಕೊಂಡಿದ್ದ.

ಅದೂ ಇದೇ ಬೆಟ್ಟದ ರಸ್ತೆ, ಇದೇ ಡೀಸೆಲ್ ಪಿಕಪ್ಪು. ಮೂರನೆಯ ತಿರುವಿನಲ್ಲಿ ಟ್ರೇಲರು ಸರಪಳಿಗಳನ್ನೂ ಕಿತ್ತುಕೊಂಡು ಸುತ್ತಿ ಬಂದು ಡ್ರೈವರ್ ಬಾಗಿಲಿಗೇ ಅಪ್ಪಳಿಸಿತ್ತು. ಈಗ ಅಲ್ಲಿ ಬೇರೆ ಬಣ್ಣದ ಬಾಗಿಲಿದೆ. ಇಪ್ಪತ್ತೆರಡು ವರ್ಷದ ಎಂಜಿನ್ನಿಗೆ ಮಾತ್ರ ಏನೂ ಆಗಿರಲಿಲ್ಲ, ಗಟ್ಟಿಪಿಂಡ. ಪೊಲೀಸರು ಕೊಂಡಿಯನ್ನು ತಿರುಗಿಸಿ ನೋಡಿ, ‘ಪಿನ್ನು ಮುರಿದಿಲ್ಲ, ಹಾಕೇ ಇಲ್ಲ’ ಎಂದಿದ್ದರು. ಆದರೂ ಎಲ್ಲಾದರೂ ಕಳಚಿ ಬಿದ್ದಿದೆಯೇ ಎಂದು ಎರಡು ದಿನ ರಸ್ತೆಯುದ್ದಕ್ಕೂ ಹುಡುಕಿದರು, ಸಿಗಲಿಲ್ಲ.

ಕೊಂಡಿ ಹಾಕುವುದು ಯಾರ ಕೆಲಸ? ಈಗ ಅವಳ ಪಕ್ಕದ ಸೀಟಿನಲ್ಲಿ ಕೂತಿದ್ದನಲ್ಲ ಮೈದುನ, ಅವನದು. ಎಂಜಿನ್ನು ಅಣ್ಣನ ಪಾಲು. ಸರಕು ಕಟ್ಟಿ ಕೊಂಡಿ ಹಾಕುವುದು ತಮ್ಮನ ಪಾಲು. ಎಲ್ಲ ಮುಗಿದ ಮೇಲೆ ಚಿಲಕ ಎತ್ತಿ ಕೊಂಡಿಗೂ, ಆಮೇಲೆ ಚಕ್ರಗಳಿಗೂ ಗ್ರೀಸು ಹಚ್ಚುವುದು ಅವಳ ಪಾಲು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಿರುಗಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ನೋಡಿದರೆ ನಂಬಿಕೆಯಿಲ್ಲ ಎಂದು ಮುಖಕ್ಕೇ ಹೇಳಿದಂತೆ.

ಅಣ್ಣ ಸತ್ತ ಮೇಲೆ ಮೈದುನನ ವರಸೆಯೇ ಬದಲಾಗಿತ್ತು. ಗ್ರೀಸನ್ನೂ ತಾನೇ ಹಚ್ಚುತ್ತಿದ್ದ. ಅವಳು ಟ್ರೇಲರಿನ ಹತ್ತಿರ ಸುಳಿದರೆ ಸಾಕು, ‘ನೀವು ಬಿಡಿ ಅತ್ತಿಗೆ’ ಎಂದು ಅಡ್ಡ ನಿಲ್ಲುತ್ತಿದ್ದ. ಓಣಿಯವರೆಲ್ಲ ಅವನತ್ತಲೇ ಬೊಟ್ಟು ಮಾಡಿದರೂ ತುಟಿಪಿಟಕ್ಕೆನ್ನಲಿಲ್ಲ. ತಪ್ಪು ಮಾಡದವನು ಹಾಗೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾನೆಯೇ? ಅಣ್ಣ ನಡೆಸುತ್ತಿದ್ದ ಗಾಡಿ ಶೆಡ್ಡಿನ ಯಜಮಾನಿಕೆ ಬೇರೆ ಈಗ ಅವನ ಕೈಗೆ ಬಂದಿತ್ತು.

ಒಂದು ವರ್ಷ ಈ ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನಿಗೆ ಊಟ ಬಡಿಸಿದ್ದಳು. ಸಾಕಾಗಿ ಹೋಗಿತ್ತು. ಜೀವಭಯ ಹುಟ್ಟಿದರೆ ನಿಜ ತಾನಾಗಿ ಹೊರಬೀಳುತ್ತದೆ ಎಂದುಕೊಂಡು, ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಪಿನ್ನು ತೆಗೆದಿದ್ದಳು. ಗಾಡಿಯನ್ನು ತಾನೇ ಓಡಿಸುತ್ತೇನೆಂದು ಹಟ ಹಿಡಿದಿದ್ದಳು.

ಇಳಿಜಾರಿಗೆ ಮುಂಚೆ ಟೀ ಅಂಗಡಿಯ ಹತ್ತಿರ ನಿಲ್ಲಿಸಿದರು. ಭಾರದ ಗಾಡಿಗಳವರೆಲ್ಲ ಅಲ್ಲಿ ನಿಂತು ಟೈರು, ಹಗ್ಗ ನೋಡಿಕೊಂಡೇ ಇಳಿಯುವುದು. ಮೈದುನ ಲೋಟ ಕೆಳಗಿಟ್ಟು ಹಿಂದಕ್ಕೆ ಹೋದ. ಬಹಳ ಹೊತ್ತು ಕಾಣಲಿಲ್ಲ.

ಅವನು ಕೈ ಒರೆಸಿಕೊಳ್ಳುತ್ತ ಬಂದು ಕೂತ.

‘ಎಲ್ಲಾ ಸರಿ ಇದೆಯಾ?’ ಎಂದಳು.

‘ಸರಿ ಇದೆ. ನಿಧಾನಕ್ಕೆ ಬಿಡಿ.’

ನೋಡಿಯೂ ಸುಮ್ಮನಿದ್ದಾನೆ! ಆವತ್ತೂ ಹೀಗೇ ಸುಮ್ಮನಿದ್ದು ಅಣ್ಣನನ್ನು ಕಳಿಸಿರಬೇಕು.

ಎರಡನೇ ಗೇರಿನಲ್ಲಿ ಇಳಿಸತೊಡಗಿದಳು. ಹಳೆಯ ಎಂಜಿನ್ನು ಗಂಟಲು ಹರಿಯುವಂತೆ ಕೂಗುತ್ತ ಭಾರವನ್ನು ತಡೆದು ಹಿಡಿದಿತ್ತು. ಮೊದಲ ತಿರುವು ದಾಟಿದ ಮೇಲೆ ಜೇಬಿನಿಂದ ಪಿನ್ನು ತೆಗೆದು ಅವನ ಮುಂದಿಟ್ಟಳು.

‘ಇದು ಹಿಂದೆ ಕೊಂಡಿಯಲ್ಲಿಲ್ಲ. ಮೂರನೇ ತಿರುವು ಬರೋದರೊಳಗೆ ನಿಜ ಹೇಳು. ಆವತ್ತು ಪಿನ್ನು ಯಾಕೆ ಹಾಕಲಿಲ್ಲ?’

ಅವನು ಅದನ್ನು ನೋಡಿದ. ಮುಖದಲ್ಲಿ ಗಾಬರಿಯಿಲ್ಲ. ಅವಳ ಅಂಗೈ ಬೆವರಿ ಸ್ಟೇರಿಂಗು ಜಾರುತ್ತಿದ್ದರೆ ಅವನು ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವನ ಹಾಗೆ ಕೂತಿದ್ದ.

‘ಬ್ರೇಕನ್ನ ಒತ್ತಿ ಹಿಡೀಬೇಡಿ ಅತ್ತಿಗೆ, ಕಾಯುತ್ತೆ. ಬಿಟ್ಟು ಬಿಟ್ಟು ಒತ್ತಿ.’

‘ಕೇಳಿದ್ದಕ್ಕೆ ಉತ್ತರ ಹೇಳು. ಹೇಳದಿದ್ದರೆ ಇಬ್ಬರೂ ಹೋಗೋಣ.’

ಎರಡನೇ ತಿರುವು. ಟ್ರೇಲರು ಹಿಂದಿನಿಂದ ಧಡ್ಡನೆ ನೂಕಿತು. ಗಾಡಿ ಅರ್ಧ ಅಡಿ ಪಕ್ಕಕ್ಕೆ ಸರಿದು ಮತ್ತೆ ದಾರಿಗೆ ಬಂತು. ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಅಡರಿತು.

‘ನಾನೇ ಅಂತ ಇಟ್ಕೊಳ್ಳಿ,’ ಎಂದ ಮೈದುನ. ‘ಹಾಕೋದು ಮರೆತೆ. ಪೊಲೀಸರ ಹತ್ತಿರ ಹೋಗೋಣ ಅಂದ್ರೆ ಇವತ್ತೇ ಬರ್ತೀನಿ. ಮುಂದೆ ಜಾಗ ಇದೆ, ಪಕ್ಕಕ್ಕೆ ಹಾಕಿ.’

ಅವಳು ಪಕ್ಕಕ್ಕೆ ಹಾಕಿದಳು. ಒಂದು ವರ್ಷದಿಂದ ಕಾದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವನು ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ. ಉಳಿದ ದಾರಿಗೆ ಪಿನ್ನಂತೂ ಬೇಕಲ್ಲ ಎಂದು ಅವಳು ಅದನ್ನು ಹಿಡಿದುಕೊಂಡು ಹಿಂದೆ ಹೋಗಿ ಬಗ್ಗಿದಳು.

ಕೊಂಡಿಯಲ್ಲಿ ಆಗಲೇ ಒಂದು ಪಿನ್ನಿತ್ತು.

ಹೊಸದಲ್ಲ. ಸಂದಿಗೊಂದಿಯಲ್ಲಿ ಕಪ್ಪು ಗ್ರೀಸು ಒಣಗಿ ಹತ್ತಿತ್ತು. ತಲೆಯ ಮೇಲೆ ಅರದಿಂದ ಕೊರೆದ ಮೂರು ಗೀರು. ಅವಳ ಗಂಡ ತನ್ನ ಸಾಮಾನಿಗೆಲ್ಲ ಹಾಕುತ್ತಿದ್ದ ಗುರುತು ಅದು. ಪೊಲೀಸರು ಎರಡು ದಿನ ಹುಡುಕಿದ್ದು ಇದನ್ನೇ.

‘ಟೀ ಅಂಗಡಿ ಹತ್ತಿರ ಹಾಕಿದೆ,’ ಎಂದ ಅವನು, ಹಿಂದೆ ನಿಂತು. ‘ಕೊಂಡಿ ಖಾಲಿ ಇತ್ತು. ನನ್ನ ಹತ್ತಿರ ಇದ್ದದ್ದು ಇದೊಂದೇ.’

‘ನಿನ್ನ ಹತ್ತಿರ ಹೇಗೆ ಬಂತು? ಎಲ್ಲಿತ್ತು ಇದು?’

‘ಬೇಡ ಅತ್ತಿಗೆ.’

‘ಹೇಳು.’

ಅವನು ಅವಳ ಮುಖ ನೋಡಲಿಲ್ಲ.

‘ಆವತ್ತು ಸಂಜೆ ಸಿಕ್ಕಿತು,’ ಎಂದ. ‘ನಿಮ್ಮ ಗ್ರೀಸ್ ಡಬ್ಬಿಯ ತಳದಲ್ಲಿ.’