ಕರೊಂಗಿ ದಾರಿಯ ಕೊನೆಯ ಏರು

“ಹಿಡ್ಕೊ ಅಕ್ಕಾ, ಹಿಡ್ಕೊ! ಈ ಗುಡ್ಡ ಯಾರ ಕಾಲಿಗೂ ಬಗ್ಗಲ್ಲ!” ಏದುಸಿರು ಬಿಡುತ್ತ ಏರು ಹತ್ತುತ್ತಿದ್ದ ಲಾರಿಯ ಹಿಂದಿನ ಸರಪಳಿಗೆ ಒಂದು ಕೈ ಕೊಟ್ಟು, ಆಲೂಗಡ್ಡೆ ಮೂಟೆ ಹೇರಿದ ಸೈಕಲ್ಲಿನ ಮೇಲೆ ಆರಾಮಾಗಿ ಕುಳಿತಿದ್ದ ಹಬುಮುಗಿಶಾ ಕೂಗಿದ. ಪಕ್ಕದಲ್ಲೇ ಐವತ್ತಮೂರರ ಕಂಪಿರೆ ಟೀಚರ್ ತನ್ನ ಸೈಕಲ್ಲಿನ ಪೆಡಲ್ ತುಳಿಯುತ್ತಿದ್ದಳು. ನಸುಕಿನಲ್ಲಿ ಮುಹಂಗ ಪಟ್ಟಣದಿಂದ ಒಬ್ಬಳೇ ಹೊರಟವಳು ಹನ್ನೊಂದು ಗುಡ್ಡ ದಾಟಿ ಬಂದಿದ್ದಳು. ಇದೊಂದು ಹತ್ತಿದರೆ ಆಚೆಗೆ ಕಿವು ಸರೋವರ, ಅದರ ದಡದಲ್ಲೇ ಕರೊಂಗಿ.

ಸರಪಳಿ ಕೈಗೆಟುಕುವಷ್ಟು ಹತ್ತಿರದಲ್ಲಿ ತೂಗಾಡುತ್ತಿತ್ತು. ತೊಡೆಗಳು ಉರಿಯುತ್ತಿದ್ದವು. ಬಲಗೈ ತಾನಾಗಿಯೇ ಹ್ಯಾಂಡಲ್ ಬಿಟ್ಟು ಚಾಚಿಕೊಂಡಿತು. ಬೆರಳಿಗೆ ಕಬ್ಬಿಣ ತಾಗಿದ ಕ್ಷಣವೇ, ಚಿಕ್ಕಂದಿನಲ್ಲಿ ಹೆಣ್ಣಾಗಿ ಸೈಕಲ್ ಹತ್ತಿದ್ದಕ್ಕೆ ಅದೇ ಕೈಗೆ ಬಾರಿಸಿದ್ದ ಅಣ್ಣನ ಮಾತು ಕಿವಿಯಲ್ಲಿ ಮೊಳಗಿತು: “ಹೇಂಟೆ ಕೂಗಿದ್ರೆ ಬೆಳಗಾಗಲ್ಲ, ಇಳಿ ಕೆಳಗೆ!” ಕಂಪಿರೆ ಸರಪಳಿ ಬಿಟ್ಟು ಮತ್ತೆ ಹ್ಯಾಂಡಲ್ಲನ್ನೇ ಬಿಗಿಯಾಗಿ ಹಿಡಿದಳು. ಲಾರಿ ತಿರುವಿನಲ್ಲಿ ಮರೆಯಾಯಿತು.

ಮುಕ್ಕಾಲು ಗಂಟೆಯ ನಂತರ, ಒಮ್ಮೆಯೂ ಕಾಲು ನೆಲಕ್ಕೆ ಊರದೆ, ಗುಡ್ಡದ ನೆತ್ತಿಯ ಅಂಗಡಿಗಳ ಮುಂದೆ ಬಂದು ನಿಂತಳು. ಮುಸುಕಿನ ಜೋಳ ಸುಡುತ್ತಿದ್ದ ಮುದುಕಿ ನಕ್ಕಳು. “ಯಾವ ಲಾರಿ ಎಳ್ಕೊಂಡು ಬಂತಮ್ಮ ನಿನ್ನ?” ಕಂಪಿರೆ ಇಳಿದು ಸೈಕಲ್ಲನ್ನು ಗೋಡೆಗೆ ಒರಗಿಸಿದಳು.

ಬೆಂಚಿನ ಮೇಲೆ ಅಂಬಲಿ ಕುಡಿಯುತ್ತಿದ್ದ ಹಬುಮುಗಿಶಾ ಎದ್ದು ನಿಂತ. “ಯಾವ್ದೂ ಇಲ್ಲ ಅಜ್ಜಿ. ಸರಪಳಿ ಕೈಗೆ ಸಿಕ್ಕಿತ್ತು, ಬೇಡ ಅಂತ ಬಿಟ್ಲು. ನಾನೇ ಕಣ್ಣಾರೆ ನೋಡ್ದೆ. ಹನ್ನೆರಡು ವರ್ಷದಿಂದ ಓಡಾಡ್ತಿದೀನಿ, ಈ ಗುಡ್ಡ ನಾನು ಹೀಗೆ ಒಂದಿನಾನೂ ಹತ್ತಿಲ್ಲ.” ಅಷ್ಟು ಹೇಳಿ ತಲೆಯ ಟೋಪಿ ತೆಗೆದು, ತಾನು ಕೂತಿದ್ದ ಜಾಗವನ್ನು ಅದರಿಂದಲೇ ಒರೆಸಿ, ಅವಳಿಗೆ ಬಿಟ್ಟುಕೊಟ್ಟ.